ಯುದ್ಧ ನಿಂತ ಮೇಲೆ ರೂಪುಗೊಂಡ ಯೋಧಧರ್ಮ: ಸಮುರಾಯ್ ನಿಷ್ಠೆಯ ಚರಿತ್ರೆ

ಸಮುರಾಯ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಸೊಂಟದಲ್ಲಿ ಎರಡು ಕತ್ತಿಗಳನ್ನು ಸಿಕ್ಕಿಸಿಕೊಂಡ, ಒಡೆಯನ ಮಾತಿಗೆ ಪ್ರಾಣ ಕೊಡಲು ಸದಾ ಸಿದ್ಧನಾದ, ಮಾನ ಹೋಗುವ ಸಂದರ್ಭ ಬಂದರೆ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಳ್ಳುವ, ಹಣಕಾಸಿನ ಮಾತನ್ನು ಬಾಯಿಗೆ ತರದ ವೀರ. ಈ ಚಿತ್ರ ಯಾವಾಗ, ಯಾರಿಂದ, ಯಾವ ಅಗತ್ಯಕ್ಕಾಗಿ ಬರೆಯಲ್ಪಟ್ಟಿತು ಎಂಬುದನ್ನು ತಮ್ಮ ಮುಂದಿಡುವುದು ಇಂದಿನ ಉಪನ್ಯಾಸದ ಉದ್ದೇಶ. ಜಪಾನಿನ ಯೋಧವರ್ಗವು ಹನ್ನೆರಡನೆಯ ಶತಮಾನದ ಕೊನೆಯಿಂದ 1868ರವರೆಗೆ, ಅಂದರೆ ಸುಮಾರು ಏಳು ನೂರು ವರ್ಷಗಳ ಕಾಲ, ಆ ದೇಶದ ಅಧಿಕಾರದ ಕೇಂದ್ರದಲ್ಲಿತ್ತು. ಆ ದೀರ್ಘ ಅವಧಿಯ ಮೊದಲ ಭಾಗದಲ್ಲಿ ಮತ್ತೆ ಮತ್ತೆ ರಣರಂಗಕ್ಕೆ ಇಳಿದವರು ನಿಷ್ಠೆಯನ್ನು ಒಂದು ಬಗೆಯಲ್ಲಿ ಅರ್ಥ ಮಾಡಿಕೊಂಡಿದ್ದರು; ಕೊನೆಯ ಎರಡೂವರೆ ಶತಮಾನಗಳಲ್ಲಿ ಯುದ್ಧವನ್ನೇ ಕಾಣದೆ ಬಾಳಿದವರು ಅದನ್ನು ಬೇರೆಯೇ ಬಗೆಯಲ್ಲಿ ಅರ್ಥ ಮಾಡಿಕೊಂಡರು. ನಾವು ಇಂದು ಸಮುರಾಯ್ ನಿಷ್ಠೆ ಎಂದು ಕೊಂಡಾಡುವ ಬೇಷರತ್ತಾದ ಸಮರ್ಪಣೆಯು ಬಹುಪಾಲು ಈ ಎರಡನೆಯವರ ಕೊಡುಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಬಗೆಯ ಯೋಧನನ್ನು ತಿಳಿಯಲು ತಾಕೆಜಾಕಿ ಸುಎನಾಗನಿಗಿಂತ ಒಳ್ಳೆಯ ಸಾಕ್ಷಿ ನಮಗೆ ಸಿಗಲಾರ. ಆತ ಕ್ಯೂಶೂ ದ್ವೀಪದ ಹಿಗೊ ಪ್ರಾಂತ್ಯದವನು. ಅದು ಇಂದಿನ ಕುಮಾಮೊತೊ. 1274ರಲ್ಲಿ ಮಂಗೋಲ ದೊರೆ ಕುಬ್ಲೈ ಖಾನನ ನೌಕಾಪಡೆ ಹಕಾತಾ ಕೊಲ್ಲಿಗೆ ಬಂದಿಳಿದಾಗ ಸುಎನಾಗನ ಸ್ಥಿತಿ ಚೆನ್ನಾಗಿರಲಿಲ್ಲ. ಜಮೀನಿನ ವ್ಯಾಜ್ಯದಲ್ಲಿ ಆಸ್ತಿಯನ್ನು ಕಳೆದುಕೊಂಡಿದ್ದ ಅವನ ಜೊತೆಗಿದ್ದದ್ದು, ಅವನನ್ನೂ ಸೇರಿಸಿಕೊಂಡು, ಐದೇ ಮಂದಿ ಸವಾರರು. ಹಿಂದಿನಿಂದ ಬರುವ ಪಡೆಗಾಗಿ ಕಾಯದೆ ಅವನು ಮುನ್ನುಗ್ಗಿದ. ಶತ್ರುಗಳ ಬಾಣಗಳು ಅವನಿಗೂ ಅವನ ಕುದುರೆಗೂ ತಗುಲಿದವು. ಶಿರೊಇಶಿ ಮಿಚಿಯಾಸು ಎಂಬ ಇನ್ನೊಬ್ಬ ಯೋಧ ತನ್ನ ಪಡೆಯೊಡನೆ ಬಂದು ಪಾರು ಮಾಡದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಗಡಿಬಿಡಿಯ ನಡುವೆಯೂ ಇಬ್ಬರೂ ಒಂದು ಮಾತನ್ನು ಮರೆಯಲಿಲ್ಲ: ನಿನ್ನ ಸಾಹಸಕ್ಕೆ ನಾನು ಸಾಕ್ಷಿ, ನನ್ನ ಸಾಹಸಕ್ಕೆ ನೀನು ಸಾಕ್ಷಿ ಎಂದು ಪರಸ್ಪರ ಒಪ್ಪಿಕೊಂಡರು. ಸಾಕ್ಷಿಯಿಲ್ಲದ ಶೌರ್ಯಕ್ಕೆ ಬೆಲೆಯಿಲ್ಲವೆಂಬುದು ಆ ಕಾಲದ ಪ್ರತಿಯೊಬ್ಬ ಯೋಧನಿಗೂ ಗೊತ್ತಿತ್ತು.

ಯುದ್ಧ ಮುಗಿದ ಮೇಲೆ ಸುಎನಾಗನಿಗೆ ಯಾವ ಬಹುಮಾನವೂ ಬರಲಿಲ್ಲ. 1275ರಲ್ಲಿ, ಬಂಧುಗಳ ವಿರೋಧವನ್ನು ಲೆಕ್ಕಿಸದೆ, ಕುದುರೆ ಮತ್ತು ಜೀನುಗಳನ್ನು ಮಾರಿ ದಾರಿಯ ಖರ್ಚನ್ನು ಹೊಂದಿಸಿಕೊಂಡು, ಕ್ಯೂಶೂವಿನಿಂದ ಶೋಗನ್ ಎಂಬ ಸೇನಾಧಿಪತಿಯ ಸರ್ಕಾರದ ನೆಲೆಯಾಗಿದ್ದ ಕಾಮಾಕುರಕ್ಕೆ ಅವನು ಹೊರಟುಬಿಟ್ಟ. ಅಲ್ಲಿ ತಿಂಗಳುಗಟ್ಟಲೆ ಅಲೆದು, ಬಹುಮಾನಗಳ ಹೊಣೆ ಹೊತ್ತಿದ್ದ ಅದಾಚಿ ಯಾಸುಮೋರಿಯನ್ನು ಕಂಡು, ತಾನೇ ಮೊದಲು ಮುನ್ನುಗ್ಗಿದವನೆಂದೂ, ಆ ಸಂಗತಿ ವರದಿಯಲ್ಲಿ ಬಿಟ್ಟುಹೋಗಿದೆಯೆಂದೂ, ತನ್ನ ಮಾತು ಸುಳ್ಳಾದರೆ ತಲೆಯನ್ನೇ ತೆಗೆಯಬಹುದೆಂದೂ ವಾದಿಸಿದ. ಯಾಸುಮೋರಿ ಅವನಿಗೆ ಹಿಗೊ ಪ್ರಾಂತ್ಯದ ಕೈತೊ ಎಂಬಲ್ಲಿನ ಭೂಮಿಯ ಮೇಲ್ವಿಚಾರಣೆಯ ಅಧಿಕಾರವನ್ನು ಕೊಡಿಸಿದ, ಜೊತೆಗೆ ಒಂದು ಕುದುರೆಯನ್ನೂ ಕೊಟ್ಟ. 1281ರಲ್ಲಿ ಮಂಗೋಲರು ಎರಡನೆಯ ಬಾರಿ ಬಂದಾಗ ಇದೇ ಸುಎನಾಗ ದೋಣಿಯಿಲ್ಲದೆ ಸುಳ್ಳು ಹೇಳಿ ಬೇರೆಯವರ ದೋಣಿ ಹತ್ತಿದ. ಶಿರಸ್ತ್ರಾಣ ಹತ್ತಿರವಿಲ್ಲವೆಂದು ಮೊಣಕಾಲಿನ ಕೆಳಗೆ ಧರಿಸುವ ಕವಚವನ್ನೇ ತಲೆಗೆ ಕಟ್ಟಿಕೊಂಡು ಶತ್ರುಗಳ ಹಡಗಿಗೆ ನುಗ್ಗಿದ. ಈ ಎಲ್ಲವನ್ನೂ ಅವನು ಚಿತ್ರಸುರುಳಿಗಳಲ್ಲಿ ಬರೆಸಿಟ್ಟ. ಅವು ಜಪಾನಿನ ಅರಮನೆಯ ಸಂಗ್ರಹದಲ್ಲಿ ಉಳಿದುಬಂದಿದ್ದು, 2021ರಲ್ಲಿ ರಾಷ್ಟ್ರೀಯ ನಿಧಿಯೆಂಬ ಮನ್ನಣೆಯನ್ನು ಪಡೆದವು.

ಸುಎನಾಗನನ್ನು ದುರಾಸೆಯವನೆಂದು ಕರೆಯುವುದು ಅನ್ಯಾಯ. ಕಾಮಾಕುರದ ವ್ಯವಸ್ಥೆ ನಿಂತಿದ್ದದ್ದೇ ಒಡೆಯನ ಅನುಗ್ರಹ ಮತ್ತು ಆಳಿನ ಸೇವೆ ಎಂಬ ಎರಡು ಕಂಬಗಳ ಮೇಲೆ. ಅನುಗ್ರಹವೆಂದರೆ ಮುಖ್ಯವಾಗಿ ಭೂಮಿ. ಸೇವೆಯೆಂದರೆ ಕಾವಲು ಮತ್ತು ಯುದ್ಧ. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆಗೆ ದೂರುವ ಹಕ್ಕಿತ್ತು. 1232ರಲ್ಲಿ ಕಾಮಾಕುರದ ಆಡಳಿತ ನಡೆಸುತ್ತಿದ್ದ ಹೋಜೋ ಯಾಸುತೊಕಿ ಹೊರಡಿಸಿದ 51 ವಿಧಿಗಳ ನ್ಯಾಯಸಂಹಿತೆಯಲ್ಲಿ ಭೂಮಿಯ ವ್ಯಾಜ್ಯ, ಉತ್ತರಾಧಿಕಾರ, ದಾಖಲೆಗಳ ಸಾಚಾತನ ಇವೇ ಬಹಳ ಜಾಗವನ್ನು ಪಡೆದಿವೆ. ಹೆಣ್ಣುಮಕ್ಕಳಿಗೂ ಆಸ್ತಿ ಸಲ್ಲುತ್ತಿತ್ತು. ಮಕ್ಕಳಿಲ್ಲದ ಹೆಂಗಸು ದತ್ತು ತೆಗೆದುಕೊಂಡು ಜಮೀನನ್ನು ಕೊಡುವುದಕ್ಕೂ ಆ ಸಂಹಿತೆ ಅವಕಾಶ ಕೊಟ್ಟಿತ್ತು. ಮಂಗೋಲರನ್ನು ಹಿಮ್ಮೆಟ್ಟಿಸಿದ ಗೆಲುವೇ ಕಾಮಾಕುರಕ್ಕೆ ಮುಳುವಾಯಿತು ಎಂಬುದು ಇದೇ ತರ್ಕದ ಮುಂದುವರಿಕೆ. ಹೊರಗಿನವರನ್ನು ಓಡಿಸಿದ ಯುದ್ಧದಲ್ಲಿ ಹಂಚಿಕೊಡಲು ಹೊಸ ನೆಲ ಸಿಗಲಿಲ್ಲ. ಅತೃಪ್ತರಾದ ಯೋಧರು ಸಾಲದಲ್ಲಿ ಮುಳುಗಿದರು. 1333ರಲ್ಲಿ ಸರ್ಕಾರವೇ ಉರುಳಿತು.

ಇದೇ ಕಾಲದ ಇನ್ನೊಂದು ಪ್ರಸಂಗವು ಕಥೆಗೂ ದಾಖಲೆಗೂ ಇರುವ ಅಂತರವನ್ನು ತೋರಿಸುತ್ತದೆ. ತೈರಾ ಮತ್ತು ಮಿನಾಮೊತೊ ವಂಶಗಳ ನಡುವೆ 1180ರಿಂದ 1185ರವರೆಗೆ ನಡೆದ ಯುದ್ಧವನ್ನು ಹೇಳುವ 'ಹೈಕೆ ಮೊನೊಗಾತಾರಿ' ಜಪಾನಿನ ಮಹಾಕಥನ. ಕುರುಡ ಗಾಯಕರು ಬಿವಾ ವಾದ್ಯವನ್ನು ನುಡಿಸುತ್ತ ಅದನ್ನು ಊರೂರಿಗೆ ಹಾಡಿದರು. ಅದರ ಮೊದಲ ಸಾಲಿನಲ್ಲಿಯೇ ಕೇಳಿಸುವುದು ನಮ್ಮ ಶ್ರಾವಸ್ತಿಯ ಜೇತವನ ವಿಹಾರದ ಗಂಟೆಯ ದನಿ, ಸರ್ವವೂ ಅನಿತ್ಯವೆಂದು ಸಾರುವ ದನಿ. ಅದರಲ್ಲಿ ಬರುವ ಕುಮಾಗೈ ನಾಓಜಾನೆ 1184ರ ಇಚಿನೊತಾನಿ ಕಾಳಗದಲ್ಲಿ ತನ್ನ ಮಗನ ವಯಸ್ಸಿನ ಅತ್ಸುಮೋರಿಯ ತಲೆಯನ್ನು ಕತ್ತರಿಸಬೇಕಾಗಿ ಬಂದು, ಆ ದುಃಖದಿಂದ ಸನ್ಯಾಸದ ಕಡೆಗೆ ತಿರುಗುತ್ತಾನೆ. ನೋ ರಂಗಭೂಮಿಯ ಮಹಾಕವಿ ಜೆಆಮಿ ಇದನ್ನು ನಾಟಕವಾಗಿಸಿದ. ಆದರೆ ಕಾಮಾಕುರ ಸರ್ಕಾರದ ಇತಿವೃತ್ತವಾದ 'ಅಜುಮಾ ಕಾಗಾಮಿ' ಹೇಳುವುದೇ ಬೇರೆ: 1192ರಲ್ಲಿ ಬಂಧುವೊಬ್ಬನೊಡನೆ ನಡೆದ ಗಡಿ ವ್ಯಾಜ್ಯದ ವಿಚಾರಣೆಯಲ್ಲಿ ತನ್ನ ಪಕ್ಷ ಸೋಲುತ್ತಿದೆಯೆಂದು ಕಂಡ ಕುಮಾಗೈ ದಾಖಲೆಪತ್ರಗಳನ್ನು ಎಸೆದು, ಸಿಟ್ಟಿನಿಂದ ತನ್ನ ಜುಟ್ಟನ್ನು ತಾನೇ ಕತ್ತರಿಸಿಕೊಂಡು ಹೊರಟುಹೋದ. ಮುಂದೆ ಆತ ಹೋನೆನ್ ಎಂಬ ಬೌದ್ಧ ಗುರುವಿನ ಶಿಷ್ಯನಾದದ್ದು ನಿಜ. ಒಬ್ಬನೇ ಮನುಷ್ಯನಲ್ಲಿ ಕೊಂದ ದುಃಖವೂ ನೆಲದ ಸಿಟ್ಟೂ ಇರಬಹುದಲ್ಲವೇ? ನನಗಂತೂ ಎರಡೂ ಸೇರಿದ ಕುಮಾಗೈಯೇ ಹೆಚ್ಚು ಹತ್ತಿರದವನಾಗಿ ಕಾಣುತ್ತಾನೆ.

1467ರಲ್ಲಿ ಆರಂಭವಾದ ಓನಿನ್ ಯುದ್ಧದ ನಂತರದ ಶತಮಾನದ ಬಗ್ಗೆ ವಿವರವಾಗಿ ಹೇಳಲು ಇಲ್ಲಿ ಸಮಯವಿಲ್ಲ. ಆ ಕಾಲದಲ್ಲಿ ಪಕ್ಷಾಂತರವು ದೈನಂದಿನ ಸಂಗತಿಯಾಗಿತ್ತು ಎಂದರೆ ಸಾಕು. ದೇಶವನ್ನು ಒಂದುಗೂಡಿಸುವ ಹಾದಿಯಲ್ಲಿದ್ದ ಓದಾ ನೊಬುನಾಗನನ್ನು 1582ರಲ್ಲಿ ಕ್ಯೋತೊದ ಹೊನ್ನೋಜಿ ದೇವಾಲಯದಲ್ಲಿ ಸುತ್ತುವರಿದದ್ದು ಅವನದೇ ಸೇನಾನಿ ಅಕೆಚಿ ಮಿತ್ಸುಹಿದೆ. 1600ರ ಸೆಕಿಗಾಹಾರಾ ಯುದ್ಧದ ದಿಕ್ಕನ್ನು ತಿರುಗಿಸಿದ್ದು ಕಾಳಗದ ನಡುವೆಯೇ ಪಕ್ಷ ಬದಲಿಸಿದ ಕೊಬಾಯಾಕಾವಾ ಹಿದೆಆಕಿ. ತೋದೋ ತಾಕಾತೊರಾ ಒಬ್ಬರಾದ ಮೇಲೊಬ್ಬರಂತೆ ಹಲವು ಒಡೆಯರ ಸೇವೆ ಮಾಡಿ, ಕೊನೆಗೆ ಆ ಯುದ್ಧವನ್ನು ಗೆದ್ದು ಶೋಗನ್ ಆದ ತೊಕುಗಾವಾ ಇಎಯಾಸುವಿನ ಆಪ್ತನಾಗಿ, ದೊಡ್ಡ ಸಂಸ್ಥಾನವೊಂದರ ಪ್ರಭುವಾದ. ಇವರ ಕಾಲದಲ್ಲಿ ಸಮರ್ಥ ಯೋಧನು ತಕ್ಕ ಒಡೆಯನನ್ನು ಹುಡುಕಿಕೊಂಡು ಹೋಗುವುದು ಅಪಮಾನದ ಸಂಗತಿಯಾಗಿರಲಿಲ್ಲ.

1615ರಲ್ಲಿ ಒಸಾಕಾ ಕೋಟೆ ಬಿದ್ದಿತು. 1638ರಲ್ಲಿ ಶಿಮಾಬಾರಾ ದಂಗೆಯನ್ನು ಹತ್ತಿಕ್ಕಲಾಯಿತು. ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಜಪಾನು ದೊಡ್ಡ ಯುದ್ಧವನ್ನು ಕಾಣಲಿಲ್ಲ. ಕುಟುಂಬದವರನ್ನೂ ಸೇರಿಸಿದರೆ ಜನಸಂಖ್ಯೆಯಲ್ಲಿ ನೂರಕ್ಕೆ ಐದಾರರಷ್ಟಿದ್ದ ಒಂದು ವರ್ಗ, ಹುಟ್ಟಿನಿಂದ ಯೋಧರೆನಿಸಿಕೊಂಡು, ಕತ್ತಿ ಧರಿಸಿ, ಕಾಳಗವನ್ನೇ ನೋಡದೆ ಎಂಟೊಂಬತ್ತು ತಲೆಮಾರುಗಳ ಕಾಲ ಬಾಳಿತು. ಅವರಲ್ಲಿ ಹೆಚ್ಚಿನವರು ಹಳ್ಳಿಯ ನೆಲದಿಂದ ಬೇರ್ಪಟ್ಟು ಕೋಟೆಪೇಟೆಗಳಲ್ಲಿ ನೆಲೆಸಿ, ಸಂಸ್ಥಾನದ ಉಗ್ರಾಣದಿಂದ ಅಕ್ಕಿಯ ಸಂಬಳವನ್ನು ಪಡೆಯುವ ಗುಮಾಸ್ತರು, ಕಾವಲುಗಾರರು, ಕಂದಾಯದ ಅಧಿಕಾರಿಗಳು, ಶಾಲೆಯ ಉಪಾಧ್ಯಾಯರು ಆದರು. ಭೂಮಿ ಕೈತಪ್ಪಿದ ಮೇಲೆ ಒಡೆಯನನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವೂ ಹೋಯಿತು, ಅವನೊಡನೆ ವಾದಿಸುವ ಹಕ್ಕೂ ಹೋಯಿತು. ಒಡಂಬಡಿಕೆಯಾಗಿದ್ದ ನಿಷ್ಠೆಯು ಹುಟ್ಟಿನ ಕರ್ತವ್ಯವಾಯಿತು. ಈ ಬದಲಾವಣೆಯ ಅತಿ ಸ್ಪಷ್ಟವಾದ ಪುರಾವೆ ಸರ್ಕಾರದ ಕಾನೂನಿನಲ್ಲಿಯೇ ಇದೆ. 1615ರಲ್ಲಿ ತೊಕುಗಾವಾ ಸರ್ಕಾರ ಯೋಧಮನೆತನಗಳಿಗಾಗಿ ಹೊರಡಿಸಿದ ನಿಯಮಾವಳಿಯ ಮೊದಲ ವಿಧಿಯು ವಿದ್ಯೆ ಮತ್ತು ಶಸ್ತ್ರಗಳನ್ನು, ಬಿಲ್ಲು ಮತ್ತು ಕುದುರೆಯ ಮಾರ್ಗವನ್ನು ಅಭ್ಯಾಸ ಮಾಡಬೇಕೆಂದು ಹೇಳಿತ್ತು. ಐದನೆಯ ಶೋಗನ್ ತ್ಸುನಾಯೋಶಿಯ ಕಾಲದಲ್ಲಿ, 1683ರಲ್ಲಿ, ಅದೇ ವಿಧಿಯನ್ನು ತಿದ್ದಲಾಯಿತು. ಬಿಲ್ಲು ಮತ್ತು ಕುದುರೆಗಳಿದ್ದ ಜಾಗಕ್ಕೆ ಒಡೆಯನ ಭಕ್ತಿ, ತಂದೆತಾಯಿಗಳ ಭಕ್ತಿ ಮತ್ತು ಶಿಷ್ಟಾಚಾರ ಬಂದವು. ಜಪಾನಿನ ಯೋಧನ ಚರಿತ್ರೆಯಲ್ಲಿ ಯಾವ ಕಾಳಗಕ್ಕೂ ಕಡಿಮೆಯಿಲ್ಲದ ಘಟನೆಯೆಂದು ನಾನು ಈ ತಿದ್ದುಪಡಿಯನ್ನು ಪರಿಗಣಿಸುತ್ತೇನೆ.

ನಿಷ್ಠೆಯು ಹೀಗೆ ಬಿಗಿಯಾಗುತ್ತ ಹೋದಂತೆ ಅದನ್ನು ತೋರಿಸುವ ದಾರಿಗಳು ಕಡಿಮೆಯಾಗುತ್ತ ಹೋದವು. ಒಡೆಯನಿಗಾಗಿ ರಣರಂಗದಲ್ಲಿ ಸಾಯುವ ಅವಕಾಶವಿಲ್ಲದಾಗ, ಹಾಸಿಗೆಯಲ್ಲಿ ಸತ್ತ ಒಡೆಯನ ಹಿಂದೆ ಹೊಟ್ಟೆ ಸೀಳಿಕೊಂಡು ಸಾಯುವ ಪದ್ಧತಿ ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಹಬ್ಬಿತು. ಇದಕ್ಕೆ ಜಪಾನಿನಲ್ಲಿ ಜುನ್ಶಿ ಎನ್ನುತ್ತಾರೆ. ಒಡೆಯನೊಡನೆ ಸಾಯುವ ಪ್ರತಿಜ್ಞೆಯಾದ ವೇಳೆವಾಳಿಯ ಶಾಸನಗಳನ್ನು ಓದಿದವರಿಗೆ, ಹಳೇಬೀಡಿನಲ್ಲಿ ಕುವರಲಕ್ಷ್ಮನ ಕಂಬವನ್ನು ಕಂಡವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಕ್ಕೆ ಇದು ಬೇಡವಾಗಿತ್ತು. ಅನುಭವಿಗಳಾದ ಅಧಿಕಾರಿಗಳು ಸತ್ತ ಒಡೆಯನೊಡನೆ ಹೋಗದೆ ಹೊಸ ಒಡೆಯನಿಗೆ ಸೇವೆ ಸಲ್ಲಿಸಬೇಕಾಗಿತ್ತು. 1663ರಲ್ಲಿ ಶೋಗನ್ ಸರ್ಕಾರ ಜುನ್ಶಿಯನ್ನು ನಿಷೇಧಿಸಿತು. ಕ್ಯೂಶೂವಿನ ಸಾಗಾ ಸಂಸ್ಥಾನದ ಪ್ರಭು ನಬೆಶಿಮಾ ಮಿತ್ಸುಶಿಗೆ ಅದಕ್ಕೂ ಎರಡು ವರ್ಷ ಮೊದಲೇ ತನ್ನ ಸೀಮೆಯಲ್ಲಿ ನಿಷೇಧಿಸಿದ್ದ.

ಆ ಮಿತ್ಸುಶಿಗೆಯ ಸೇವಕನೇ ಯಾಮಾಮೊತೊ ತ್ಸುನೆತೊಮೊ. ಯೋಧನ ಮಾರ್ಗವೆಂದರೆ ಸಾವನ್ನು ಕಂಡುಕೊಳ್ಳುವುದು ಎಂಬ ಪ್ರಸಿದ್ಧ ಮಾತು ಇರುವ 'ಹಗಾಕುರೆ'ಯ ಕರ್ತೃ. ತ್ಸುನೆತೊಮೊ ಯಾವ ಯುದ್ಧದಲ್ಲಿಯೂ ಹೋರಾಡಿದವನಲ್ಲ. ಅವನ ಒಡೆಯನಿಗೆ ಕಾವ್ಯದ ಹುಚ್ಚು. ಪ್ರಾಚೀನ ವಾಕಾ ಕವಿತೆಗಳ ವ್ಯಾಖ್ಯಾನದ ಗುಪ್ತ ಪರಂಪರೆಯೊಂದು ಕ್ಯೋತೊದ ಆಸ್ಥಾನಿಕ ಮನೆತನಗಳ ವಶದಲ್ಲಿತ್ತು. ಅದನ್ನು ಪಡೆಯಬೇಕೆಂಬುದು ಮಿತ್ಸುಶಿಗೆಯ ಬಾಳಿನ ಬಯಕೆ. ಕ್ಯೋತೊದಲ್ಲಿ ನಿಯುಕ್ತನಾಗಿದ್ದ ತ್ಸುನೆತೊಮೊ ವರ್ಷಗಳ ಪ್ರಯತ್ನದಿಂದ ಅದನ್ನು ಸಂಪಾದಿಸಿ, 1700ರಲ್ಲಿ ಸಾಗಾಕ್ಕೆ ಧಾವಿಸಿ ಬಂದು, ಸಾವಿನ ಹಾಸಿಗೆಯಲ್ಲಿದ್ದ ಒಡೆಯನ ಕೈಗೆ ಒಪ್ಪಿಸಿದ. ಅವನ ಜೀವಮಾನದ ಅತಿ ದೊಡ್ಡ ಸೇವೆ ಇದೇ. ಒಡೆಯನ ಹಿಂದೆ ಸಾಯಲು ಅವನು ಬಯಸಿದ್ದ, ಆದರೆ ಆ ಒಡೆಯನೇ ಮಾಡಿದ ಕಾನೂನು ಅಡ್ಡ ಬಂತು. ತಲೆ ಬೋಳಿಸಿಕೊಂಡು ಸನ್ಯಾಸಿಯಾಗಿ ಗುಡ್ಡದ ಗುಡಿಸಲಿನಲ್ಲಿ ಉಳಿದ. 1710ರಿಂದ 1716ರವರೆಗೆ ತಾಶಿರೊ ತ್ಸುರಾಮೊತೊ ಎಂಬ ಕಿರಿಯನು ಬಂದು ಕೇಳಿ ಬರೆದುಕೊಂಡ ಮಾತುಗಳೇ 'ಹಗಾಕುರೆ'ಯ ಹನ್ನೊಂದು ಸಂಪುಟಗಳು. ಇವನ್ನು ಮುಂದೆ ಬೆಂಕಿಗೆ ಹಾಕಬೇಕು ಎಂಬ ಸೂಚನೆಯೂ ಅದರ ಆರಂಭದಲ್ಲಿಯೇ ಇದೆ. ಆ ಪುಸ್ತಕವನ್ನು ಯೋಧರ ಕೈಪಿಡಿಯೆಂದು ಓದುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಸಾಯಬೇಕೆಂದಿದ್ದ ದಿನ ಸಾಯಲಾಗದೆ ಉಳಿದ ಒಬ್ಬ ಭಾವುಕ ಮನುಷ್ಯನು, ತನ್ನ ಕಾಲದ ಯುವಕರು ಹಣ, ಉಡುಗೆ ಮತ್ತು ಹೆಂಗಸರ ಮಾತನ್ನಷ್ಟೇ ಆಡುತ್ತಾರೆಂದು ಮರುಗುತ್ತ ಹೇಳಿದ ಮಾತುಗಳು ಅವು. ಆ ಶೋಕವನ್ನು ಶೋಕವೆಂದು ಓದಿದರೆ ಮಾತ್ರ ಅವನಿಗೆ ನ್ಯಾಯ ಸಲ್ಲುತ್ತದೆ.

ಅಕೊ ಸಂಸ್ಥಾನದ ನಲವತ್ತೇಳು ಮಂದಿ ರೋನಿನ್‌ಗಳ, ಅಂದರೆ ಒಡೆಯನಿಲ್ಲದ ಸಮುರಾಯ್‌ಗಳ, ಪ್ರಕರಣವೂ ಇದೇ ಕಾಲದ್ದು. ಪ್ರಭು ಅಸಾನೊ ನಾಗಾನೊರಿ 1701ರಲ್ಲಿ ಇಂದಿನ ಟೋಕಿಯೋ ಆದ ಎದೊ ನಗರದ ಕೋಟೆಯೊಳಗೆ ಕಿರಾ ಯೋಶಿನಾಕಾ ಎಂಬ ಹಿರಿಯ ಅಧಿಕಾರಿಯ ಮೇಲೆ ಕತ್ತಿ ಎತ್ತಿದ. ಅದೇ ದಿನ ಹೊಟ್ಟೆ ಸೀಳಿಕೊಳ್ಳುವಂತೆ ಅವನಿಗೆ ಆಜ್ಞೆಯಾಯಿತು. ಸುಮಾರು ಒಂದೂಮುಕ್ಕಾಲು ವರ್ಷದ ನಂತರ ಓಇಶಿ ಕುರಾನೊಸುಕೆಯ ನೇತೃತ್ವದಲ್ಲಿ ಅವನ ಹಳೆಯ ಸೇವಕರು ಕಿರಾನ ಮನೆಗೆ ನುಗ್ಗಿ, ಅವನ ತಲೆಯನ್ನು ಕತ್ತರಿಸಿ, ಸೆಂಗಾಕುಜಿ ದೇವಾಲಯದಲ್ಲಿರುವ ತಮ್ಮ ಒಡೆಯನ ಸಮಾಧಿಯ ಮುಂದಿಟ್ಟರು. ಕಥೆ ಎಲ್ಲರಿಗೂ ಗೊತ್ತು. ಆಗ ಎದ್ದ ವಾಗ್ವಾದ ಅಷ್ಟಾಗಿ ಗೊತ್ತಿಲ್ಲ. ಇದು ನಿಷ್ಠೆಯಾದರೂ ಕಾನೂನಿನ ಭಂಗ, ಆದ್ದರಿಂದ ಅವರು ಸಾಯಲೇಬೇಕು, ಆದರೆ ಗೌರವದಿಂದ ಸಾಯಲಿ ಎಂಬುದು ವಿದ್ವಾಂಸ ಓಗ್ಯು ಸೊರಾಯ್‌ನದೆಂದು ಹೇಳಲಾಗುವ ನಿಲುವು. ಕನ್‌ಫ್ಯೂಷಿಯಸ್ ಪಂಥದ ಸತೊ ನಾಓಕಾತಾ ಇನ್ನೂ ಕಠಿಣವಾಗಿ ಕೇಳಿದ: ಅಸಾನೊನನ್ನು ಕೊಂದದ್ದು ಕಿರಾ ಅಲ್ಲ, ಸರ್ಕಾರದ ಕಾನೂನು; ಹಾಗಿರುವಾಗ ಕಿರಾ ಶತ್ರು ಹೇಗಾದ? ತ್ಸುನೆತೊಮೊನ ಆಕ್ಷೇಪ ಇದಕ್ಕೆ ತೀರಾ ವಿರುದ್ಧವಾದದ್ದು. ಅಷ್ಟು ದಿನ ಕಾದದ್ದೇ ತಪ್ಪು. ನಡುವೆ ಕಿರಾ ಕಾಯಿಲೆಯಿಂದ ಸತ್ತಿದ್ದರೆ ಏನು ಗತಿ? ಯುದ್ಧದ ಕಾಲವಾಗಿದ್ದರೆ ಈ ಪ್ರಶ್ನೆಗಳೇ ಏಳುತ್ತಿರಲಿಲ್ಲ. 1703ರಲ್ಲಿ, ಒಬ್ಬನನ್ನು ಬಿಟ್ಟು, ಉಳಿದ ನಲವತ್ತಾರು ಮಂದಿ ಹೊಟ್ಟೆ ಸೀಳಿಕೊಂಡು ಸತ್ತರು. 1748ರಲ್ಲಿ ಒಸಾಕಾದ ಗೊಂಬೆಯಾಟದವರು ಇದನ್ನು ರಂಗಕ್ಕೆ ತಂದಾಗ ನೋಡಿ ಕಣ್ಣೀರಿಟ್ಟ ಪ್ರೇಕ್ಷಕರಲ್ಲಿ ಬಹುಪಾಲು ಪೇಟೆಯ ವರ್ತಕರು ಮತ್ತು ಕುಶಲಕರ್ಮಿಗಳು ಎಂಬುದನ್ನೂ ಗಮನಿಸಬೇಕು.

ಸಮುರಾಯ್‌ಗಳ ಮನೆಯ ಒಳಗೆ ಏನು ನಡೆಯುತ್ತಿತ್ತು? ಅವರ ಆದಾಯವನ್ನು ಅಳೆಯುತ್ತಿದ್ದದ್ದು ಕೊಕು ಎಂಬ ಅಳತೆಯಿಂದ. ಒಂದು ಕೊಕು ಎಂದರೆ ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನುಷ್ಯನ ವರ್ಷದ ಊಟಕ್ಕೆ ಸಾಕೆಂದು ಎಣಿಸಿದ ಪ್ರಮಾಣ. ಸಂಬಳ ಅಕ್ಕಿಯಲ್ಲಿ, ಖರ್ಚು ಹಣದಲ್ಲಿ. ಅಕ್ಕಿಯ ಬೆಲೆ ಬಿದ್ದು ಉಳಿದ ಸಾಮಾನುಗಳ ಬೆಲೆ ಏರಿದಾಗಲೆಲ್ಲ ಅವರ ಬದುಕು ಕುಸಿಯುತ್ತಿತ್ತು. ಎದೊ ನಗರದ ಅಸಾಕುಸಾದಲ್ಲಿ ಶೋಗನ್‌ನ ಸೇವಕರ ಅಕ್ಕಿಯನ್ನು ಮಾರಿಕೊಡುವ ದಲ್ಲಾಳಿಗಳಿದ್ದರು. 1724ರಲ್ಲಿ ಅವರ ಸಂಘಕ್ಕೆ 109 ಮಂದಿಯೆಂದು ಮಿತಿ ಹಾಕಲಾಯಿತು. ಮುಂದಿನ ವರ್ಷಗಳ ಅಕ್ಕಿಯನ್ನು ಅಡವಿಟ್ಟು ಯೋಧರು ಅವರಲ್ಲಿ ಸಾಲ ಮಾಡಿದರು. 1789ರಲ್ಲಿ ಸರ್ಕಾರವೇ ಹಳೆಯ ಸಾಲಗಳನ್ನು ರದ್ದು ಮಾಡಬೇಕಾಯಿತು. ಕೆಳದರ್ಜೆಯ ಯೋಧರ ಮನೆಗಳಲ್ಲಿ ಗಂಡಹೆಂಡಿರು ಕೂತು ಕೊಡೆಗಳಿಗೆ ಕಾಗದ ಅಂಟಿಸಿ ಮಾರುತ್ತಿದ್ದರು. ಕಾಗಾ ಸಂಸ್ಥಾನದ ಲೆಕ್ಕಪತ್ರದ ಅಧಿಕಾರಿಗಳಾಗಿದ್ದ ಇನೊಯಾಮಾ ಮನೆತನದ ಖರ್ಚಿನ ಪುಸ್ತಕಗಳು, 1842ರಿಂದ 1879ರವರೆಗಿನವು, ಟೋಕಿಯೋದ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಸಿಕ್ಕಿ ಇತಿಹಾಸಕಾರರ ಕೈಸೇರಿವೆ. ವರ್ಷದ ಆದಾಯದ ಸುಮಾರು ಎರಡರಷ್ಟು ಸಾಲ ಆ ಮನೆಯ ಮೇಲಿತ್ತು. ಅದನ್ನು ತೀರಿಸಲು ಅವರು ಬಟ್ಟೆಬರೆ, ಮನೆಯ ಸಾಮಾನುಗಳನ್ನು ಮಾರಿದರು. ಅಷ್ಟಾದರೂ ನೆಂಟರ ಮನೆಯ ಉಡುಗೊರೆ, ದೇವಾಲಯದ ಕಾಣಿಕೆ, ಆಳುಗಳ ಸಂಬಳ ಇವನ್ನು ಬಿಡುವಂತಿರಲಿಲ್ಲ. ಯೋಧನೆಂಬ ಸ್ಥಾನಮಾನಕ್ಕೆ ತೆರಬೇಕಾದ ಬೆಲೆ ಅದಾಗಿತ್ತು.

ಈ ಶಾಂತಿಯ ಕಾಲದಲ್ಲಿಯೇ ಕತ್ತಿಯ ವಿದ್ಯೆಯೂ ಹೊಸ ರೂಪ ಪಡೆಯಿತು. ಹದಿನೆಂಟನೆಯ ಶತಮಾನದಲ್ಲಿ ಬಿದಿರಿನ ಕತ್ತಿಯೂ ಮುಖ, ಎದೆ ಮತ್ತು ಮುಂಗೈಗಳ ರಕ್ಷಾಕವಚವೂ ಬಳಕೆಗೆ ಬಂದವು. ಪೆಟ್ಟಾಗದಂತೆ ಪೂರ್ಣ ಬಲದಿಂದ ಹೊಡೆಯುವ ಅಭ್ಯಾಸ ಸಾಧ್ಯವಾದದ್ದು ಆಗಲೇ, ಇಂದಿನ ಕೆಂಡೋವಿನ ಬೇರು ಅಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ರೈತರ ಮಕ್ಕಳೂ ಈ ಶಾಲೆಗಳಿಗೆ ಸೇರುತ್ತಿದ್ದರು. ಶೋಗನ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕ್ಯೋತೊದಲ್ಲಿ ಅವನ ಪರವಾಗಿ ಕತ್ತಿ ಹಿಡಿದ ಶಿನ್‌ಸೆನ್‌ಗುಮಿ ಪಡೆಯ ನಾಯಕ ಕೊಂದೊ ಇಸಾಮಿ, ಉಪನಾಯಕ ಹಿಜಿಕಾತಾ ತೊಶಿಜೊ ಇಬ್ಬರೂ ತಾಮಾ ಪ್ರದೇಶದ ರೈತ ಮನೆತನದವರು. ಕೊಂದೊವನ್ನು 1868ರಲ್ಲಿ ಶಿರಚ್ಛೇದ ಮಾಡಲಾಯಿತು; ಹಿಜಿಕಾತಾ 1869ರಲ್ಲಿ ಹಕೊದಾತೆಯ ಕಾಳಗದಲ್ಲಿ ಸತ್ತ. ಸಮುರಾಯ್ ಆದರ್ಶಕ್ಕಾಗಿ ಕೊನೆಯವರೆಗೆ ನಿಂತವರಲ್ಲಿ ಹುಟ್ಟಿನಿಂದ ಸಮುರಾಯ್ ಅಲ್ಲದ ಇಂಥವರಿದ್ದರು. ಆದರ್ಶವೊಂದು ವರ್ಗದ ಗೋಡೆಯನ್ನು ದಾಟಿ ಎಷ್ಟು ದೂರ ಹೋಗಿತ್ತೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

1868ರಲ್ಲಿ ಶೋಗನ್ ಆಳ್ವಿಕೆಯ ಜಾಗಕ್ಕೆ ಬಂದ ಮೈಜಿ ಸರ್ಕಾರವನ್ನು ಸ್ಥಾಪಿಸಿದವರು ಸಮುರಾಯ್‌ಗಳೇ. ಆ ವರ್ಗವನ್ನು ಕೊನೆಗೊಳಿಸಿದವರೂ ಅವರೇ. 1871ರಲ್ಲಿ ಸಂಸ್ಥಾನಗಳು ರದ್ದಾದವು. 1872ರ ಕೊನೆಯಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ಸಾರುವ ಪ್ರಕಟಣೆಯು, ಎರಡು ಕತ್ತಿ ಧರಿಸಿ ಯೋಧರೆಂದು ಹೇಳಿಕೊಳ್ಳುತ್ತ ಕೂತು ತಿನ್ನುವವರು ಎಂದು ಹಳೆಯ ವರ್ಗವನ್ನು ನಿಂದಿಸಿತು. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿ, ಅಕ್ಕಿಯ ಸಂಬಳವನ್ನು ಸಾಲಪತ್ರಗಳಾಗಿ ಬದಲಿಸಲಾಯಿತು. ಆ ವರ್ಷ ಕುಮಾಮೊತೊದಲ್ಲಿ ಶಿನ್‌ಪೂರೆನ್ ಎಂಬ ಗುಂಪು ಬಂದೂಕನ್ನು ಮುಟ್ಟದೆ ಕತ್ತಿ ಈಟಿಗಳಿಂದಲೇ ದಂಗೆಯೆದ್ದು ನಾಶವಾಯಿತು. 1877ರಲ್ಲಿ ಸೈಗೊ ತಾಕಾಮೊರಿಯ ನಾಯಕತ್ವದಲ್ಲಿ ಸತ್ಸುಮಾ ಯೋಧರು ದಂಗೆಯೆದ್ದರು. ಅವರು ಕತ್ತಿಗಳಿಂದ ಮಾತ್ರ ಹೋರಾಡಿದರೆಂಬುದು ಜನಪ್ರಿಯವಾದ ತಪ್ಪು ಕಲ್ಪನೆ. ಅವರ ಬಳಿ ಬಂದೂಕು ಫಿರಂಗಿಗಳಿದ್ದವು. ಕುಮಾಮೊತೊ ಕೋಟೆಯನ್ನು ಅವರಿಂದ ಕಾಪಾಡಿದ ಸೈನ್ಯದಲ್ಲಿ ರೈತರ ಮನೆಗಳಿಂದ ಬಂದ ಕಡ್ಡಾಯ ಸೈನಿಕರೇ ತುಂಬಿದ್ದರು. ಸೆಪ್ಟೆಂಬರ್ 24ರಂದು ಕಾಗೊಶಿಮಾದ ಶಿರೊಯಾಮಾ ಗುಡ್ಡದಲ್ಲಿ ಸೈಗೊ ಸತ್ತ. 1889ರಲ್ಲಿ ಅದೇ ಸರ್ಕಾರ ಅವನನ್ನು ಕ್ಷಮಿಸಿತು, 1898ರಲ್ಲಿ ಟೋಕಿಯೋದ ಉಎನೊದಲ್ಲಿ ಅವನ ಪ್ರತಿಮೆ ಎದ್ದಿತು.

ದಂಗೆಯೇಳದ ಲಕ್ಷಾಂತರ ಮಂದಿ ಬೇರೆ ದಾರಿ ಹಿಡಿದರು, ನನಗೆ ಅವರ ಬಗ್ಗೆಯೇ ಹೆಚ್ಚು ಗೌರವ. ಕೊನೆಯ ಶೋಗನ್‌ನ ಅಂಗರಕ್ಷಕರಾಗಿದ್ದವರು 1869ರಿಂದ ಶಿಜುಓಕಾದ ಮಕಿನೊಹಾರಾ ಬಂಜರು ಪ್ರಸ್ಥಭೂಮಿಯನ್ನು ಅಗೆದು ಚಹಾ ತೋಟ ಮಾಡಿದರು; ಇಂದು ಅದು ಜಪಾನಿನ ದೊಡ್ಡ ಚಹಾ ಸೀಮೆಗಳಲ್ಲಿ ಒಂದು. 1872ರಲ್ಲಿ ತೊಮಿಓಕಾದಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಆರಂಭವಾದಾಗ, ಪರದೇಶದವರು ಹುಡುಗಿಯರ ರಕ್ತ ಕುಡಿಯುತ್ತಾರೆಂಬ ಗಾಳಿಮಾತಿನಿಂದ ಕೆಲಸಕ್ಕೆ ಯಾರೂ ಬರಲಿಲ್ಲ. ಆಗ ಮುಂದೆ ಬಂದವರಲ್ಲಿ ಸಮುರಾಯ್ ಮನೆಗಳ ಹೆಣ್ಣುಮಕ್ಕಳು ಗಣನೀಯ ಸಂಖ್ಯೆಯಲ್ಲಿದ್ದರು. ಮತ್ಸುಶಿರೊದ ಯೋಕೊತಾ ಎಇ ಎಂಬಾಕೆ 1873ರಲ್ಲಿ ಅಲ್ಲಿಗೆ ಹೋಗಿ ಕಲಿತು, ತನ್ನೂರಿನಲ್ಲಿ ಆ ವಿದ್ಯೆಯನ್ನು ಹರಡಿ, ಮುಂದೆ ತನ್ನ ನೆನಪುಗಳನ್ನು ಬರೆದಳು. ಇಂಥ ಕಾರ್ಖಾನೆಗಳಿಂದ ಬೆಳೆದ ಜಪಾನಿನ ರೇಷ್ಮೆಯ ಖ್ಯಾತಿಯೇ 1890ರ ದಶಕದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಮಾಡಿಸಲು ಕಾರಣವಾಯಿತು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. 1898ರಲ್ಲಿ ಜಪಾನಿಗೆ ಹೋದ ಸರ್ ಎಂ. ವಿಶ್ವೇಶ್ವರಯ್ಯನವರ ಮನಸ್ಸನ್ನು ಸೆಳೆದದ್ದು ಕೂಡ ಇದೇ ಕಾರ್ಖಾನೆ ಮತ್ತು ಶಾಲೆಗಳ ಜಪಾನು.

ಹೀಗೆ ವರ್ಗವು ಮಾಯವಾದ ಮೇಲೆಯೇ ಅದರ ಧರ್ಮವು ಜಗತ್ಪ್ರಸಿದ್ಧವಾಯಿತು. ಮೊರಿಓಕಾದ ಸಮುರಾಯ್ ಮನೆಯಲ್ಲಿ 1862ರಲ್ಲಿ ಹುಟ್ಟಿದ ನಿತೊಬೆ ಇನಾಜೊ, ಕ್ರೈಸ್ತ ಕ್ವೇಕರ್ ಪಂಥವನ್ನು ಸೇರಿ, ಅಮೆರಿಕದಲ್ಲಿ ವಿಶ್ರಾಂತಿಯಲ್ಲಿದ್ದಾಗ ಇಂಗ್ಲಿಷಿನಲ್ಲಿ ಬರೆದ 'ಬುಶಿದೊ', ಅಂದರೆ ಯೋಧನ ಮಾರ್ಗ, ಎಂಬ ಪುಸ್ತಕ 1900ರಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರಕಟವಾಯಿತು. ಜಪಾನೀ ಅನುವಾದ ಬಂದದ್ದು 1908ರಲ್ಲಿ. ಧಾರ್ಮಿಕ ಶಿಕ್ಷಣವಿಲ್ಲದ ನಿಮ್ಮ ಶಾಲೆಗಳಲ್ಲಿ ನೀತಿಯನ್ನು ಹೇಗೆ ಕಲಿಸುತ್ತೀರಿ ಎಂದು ಬೆಲ್ಜಿಯಂನ ವಿದ್ವಾಂಸರೊಬ್ಬರು ಕೇಳಿದ ಪ್ರಶ್ನೆಗೆ ಅದು ಅವರು ಕೊಟ್ಟ ಉತ್ತರ. ಅದನ್ನು ಶುದ್ಧ ಕಟ್ಟುಕಥೆಯೆನ್ನುವ ವಿಮರ್ಶಕರನ್ನು ನಾನು ಒಪ್ಪಲಾರೆ. ತೊಕುಗಾವಾ ಕಾಲದ ನೀತಿಪಾಠಗಳು ಅದರ ಹಿಂದಿವೆ. ಆದರೆ ತಾಕೆಜಾಕಿ ಸುಎನಾಗನಂಥವರಿಗೆ ಅದರಲ್ಲಿ ಜಾಗವಿಲ್ಲ. ಭಾರತಕ್ಕೆ ಬಂದು ಟಾಗೋರ್ ಮನೆತನದ ಸ್ನೇಹ ಗಳಿಸಿದ್ದ ಒಕಾಕುರಾ ತೆನ್ಶಿನ್, 1906ರಲ್ಲಿ ಚಹಾದ ಕುರಿತು ಬರೆದ ಪುಸ್ತಕದಲ್ಲಿ, ಸಾಯುವ ಕಲೆಯಾದ ಸಮುರಾಯ್ ಧರ್ಮದ ಬಗ್ಗೆ ಇಷ್ಟೊಂದು ಮಾತು ನಡೆದಿರುವಾಗ ಬದುಕುವ ಕಲೆಯಾದ ಚಹಾ ಸಂಸ್ಕೃತಿಯನ್ನು ಯಾರೂ ಗಮನಿಸಿಲ್ಲವೆಂದು ವಿಷಾದಿಸಿದರು. ಅವರ ಎಚ್ಚರಿಕೆಯನ್ನು ಸೈನ್ಯ ಕೇಳಿಸಿಕೊಳ್ಳಲಿಲ್ಲ. ಕರ್ತವ್ಯವು ಬೆಟ್ಟಕ್ಕಿಂತ ಭಾರ, ಸಾವು ಗರಿಗಿಂತ ಹಗುರ ಎಂಬ ಮಾತು 1882ರ ಸೈನಿಕರ ರಾಜಾಜ್ಞೆಯಲ್ಲಿಯೇ ಇತ್ತು. 1941ರ ಸೈನಿಕ ಸಂಹಿತೆಯು ಬದುಕಿದ್ದು ಸೆರೆಯಾಗುವ ಅವಮಾನಕ್ಕೆ ಒಳಗಾಗಬಾರದೆಂದು ವಿಧಿಸಿತು. ಬೆಂಕಿಗೆ ಹಾಕಬೇಕೆಂದಿದ್ದ 'ಹಗಾಕುರೆ' ಯುದ್ಧಕಾಲದಲ್ಲಿ ಮುದ್ರಣಗೊಂಡು ಯುವಕರ ಕೈಸೇರಿತು. ಯಾವ ಒಡೆಯನೂ ಎದುರಿಗೆ ಬಂದು ಅನುಗ್ರಹ ತೋರದ, ಯಾವ ಸೈನಿಕನೂ ಕಾಮಾಕುರಕ್ಕೆ ಹೋಗಿ ದೂರಲಾಗದ ಏಕಮುಖ ನಿಷ್ಠೆಯಾಗಿತ್ತು ಅದು.

ಇದೇ ಪರಂಪರೆಯಿಂದ ಬೇರೆಯೇ ಫಲವನ್ನು ತೆಗೆದವರು ಕಾನೊ ಜಿಗೊರೊ. ಹಳೆಯ ಜುಜುತ್ಸು ವಿದ್ಯೆಗಳನ್ನು ಕಲಿತ ಈ ಯುವ ಅಧ್ಯಾಪಕ 1882ರಲ್ಲಿ ಟೋಕಿಯೋದ ಎಇಶೋಜಿ ದೇವಾಲಯದಲ್ಲಿ, ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ, ತಾವು ರೂಪಿಸಿದ ಜೂಡೋವನ್ನು ಕಲಿಸುವ ಕೊದೊಕಾನ್ ಶಾಲೆಯನ್ನು ತೆರೆದರು. ಅವರು ಮಾಡಿದ ಮುಖ್ಯ ಕೆಲಸವೆಂದರೆ ಯೋಧನ ಶಿಸ್ತಿನಿಂದ ಒಡೆಯನನ್ನು ತೆಗೆದುಹಾಕಿದ್ದು. ಜೂಡೋದಲ್ಲಿ ಎದುರಾಳಿ ಶತ್ರುವಲ್ಲ, ಜೊತೆಗೆ ಕಲಿಯುವವನು. ತನಗೂ ಇತರರಿಗೂ ಕೂಡಿಯೇ ಏಳಿಗೆ ಎಂಬುದು ಅವರ ಬೋಧನೆಯ ತಿರುಳು. ಶಾಂತಿನಿಕೇತನಕ್ಕೆ 1905ರಲ್ಲಿ ಸಾನೊ ಜಿನ್ನೊಸುಕೆ, 1929ರಲ್ಲಿ ತಾಕಾಗಾಕಿ ಶಿಂಜೊ ಬಂದು ಜೂಡೋ ಕಲಿಸಿದರು. 1916ರಲ್ಲಿ ಜಪಾನಿನ ನೆಲದಲ್ಲಿಯೇ ಅಲ್ಲಿನ ಉಗ್ರ ರಾಷ್ಟ್ರೀಯತೆಯನ್ನು ಖಂಡಿಸಿ ಮಾತನಾಡಿದ ರವೀಂದ್ರರು ಈ ವಿದ್ಯೆಯನ್ನು ಮಾತ್ರ ತಮ್ಮ ಆಶ್ರಮಕ್ಕೆ ಪ್ರೀತಿಯಿಂದ ಬರಮಾಡಿಕೊಂಡಿದ್ದರು. 1909ರಲ್ಲಿ ಕಾನೊ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಏಷ್ಯನ್ ಸದಸ್ಯರಾದರು. 1940ರ ಒಲಿಂಪಿಕ್ ಕ್ರೀಡೆಗಳನ್ನು ಟೋಕಿಯೋಗೆ ತರಲು ಶ್ರಮಿಸಿ, ಕೈರೋದಲ್ಲಿ ನಡೆದ ಸಮಿತಿಯ ಸಭೆಯನ್ನು ಮುಗಿಸಿಕೊಂಡು ಮರಳುವಾಗ, 1938ರ ಮೇ ತಿಂಗಳಲ್ಲಿ ಹಿಕಾವಾ ಮಾರು ಹಡಗಿನಲ್ಲಿ ತೀರಿಕೊಂಡರು. ಅದಾದ ಎರಡೇ ತಿಂಗಳಲ್ಲಿ, ಚೀನಾದ ಮೇಲಿನ ಯುದ್ಧದಲ್ಲಿ ಸಿಕ್ಕಿಕೊಂಡಿದ್ದ ಜಪಾನ್ ಸರ್ಕಾರ ಆ ಕ್ರೀಡೆಗಳನ್ನು ಕೈಬಿಟ್ಟಿತು. 1945ರ ಸೋಲಿನ ನಂತರ ಶಾಲೆಗಳಲ್ಲಿ ಯುದ್ಧಕಲೆಗಳನ್ನೆಲ್ಲ ನಿಷೇಧಿಸಲಾಯಿತು. 1950ರಲ್ಲಿ ಮೊದಲು ಮರಳಿ ಬಂದದ್ದು ಜೂಡೋ. 1964ರಲ್ಲಿ ಟೋಕಿಯೋ ಕೊನೆಗೂ ಒಲಿಂಪಿಕ್ಸ್ ನಡೆಸಿದಾಗ ಜೂಡೋ ಅದರಲ್ಲಿ ಸೇರಿತ್ತು. ಆ ಸ್ಪರ್ಧೆಯ ಮುಕ್ತ ವಿಭಾಗದಲ್ಲಿ ಜಪಾನಿನ ಕಾಮಿನಾಗಾ ಅಕಿಓ ಅವರನ್ನು ಅವರದೇ ದೇಶದ ಬುದೊಕಾನ್ ಸಭಾಂಗಣದಲ್ಲಿ ನೆದರ್ಲೆಂಡ್ಸ್‌ನ ಆಂಟನ್ ಗೇಸಿಂಕ್ ಸೋಲಿಸಿದರು. ಸಂಭ್ರಮದಿಂದ ಅಖಾಡದೊಳಗೆ ನುಗ್ಗಲು ಬಂದ ತಮ್ಮ ದೇಶದವರನ್ನು ಕೈಯೆತ್ತಿ ತಡೆದು, ಮೊದಲು ಎದುರಾಳಿಗೆ ಸಲ್ಲಬೇಕಾದ ವಂದನೆಯನ್ನು ಸಲ್ಲಿಸಿದರು.